ಹಾಗಲದ ಕಹಿ, ಸೋರೆಯ ಕಹಿ

ನಮ್ಮ ಅಡುಗೆಮನೆಗಳಲ್ಲಿ ಹಾಗಲಕಾಯಿಯಷ್ಟು ಅಪವಾದ ಹೊತ್ತ ತರಕಾರಿ ಇನ್ನೊಂದಿರಲಾರದು. ಒಬ್ಬ ಕಳ್ಳನ ಪರವಾಗಿ ಇನ್ನೊಬ್ಬ ಕಳ್ಳ ಮಾತಾಡಿದರೆ ‘ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ’ ಎಂದು ಗಾದೆ ಹೇಳುತ್ತೇವೆ. ಮದುವೆಯ ಅಡುಗೆ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ. ಹೊಸ ಸೊಸೆ ಮನೆ ತುಂಬಿದ ದಿನ, ಬೀಗರು ಬಂದ ದಿನ, ಮಗುವಿಗೆ ಹೆಸರಿಟ್ಟ ದಿನ ಅದನ್ನು ಒಲೆಯ ಮೇಲೆ ಇಡುವವರಿಲ್ಲ. ಕೆಲವರ ಮನೆಗಳಲ್ಲಂತೂ ಅದಕ್ಕೆ ಮರ್ಯಾದೆ ಸಿಗುವುದು ತಿಥಿಯ ದಿನವೇ. ಹಾಗಿದ್ದರೂ ಸಂತೆಗೆ ಹೋದವರು ಅದನ್ನು ಬಿಟ್ಟು ಬರುವುದಿಲ್ಲ. ಬೇಡವೆಂದವರೂ ಎರಡು ತಿಂಗಳಿಗೊಮ್ಮೆ ‘ಯಾಕೋ ಬಾಯಿ ಕೆಟ್ಟಿದೆ, ಒಂದಿಷ್ಟು ಹಾಗಲಕಾಯಿ ಗೊಜ್ಜು ಮಾಡೇ’ ಎನ್ನುತ್ತಾರೆ. ಕಹಿಯನ್ನು ಒಂದು ಕೈಯಲ್ಲಿ ದೂಡುತ್ತ ಇನ್ನೊಂದು ಕೈಯಲ್ಲಿ ಕರೆಯುವ ನಮ್ಮ ಈ ನಡವಳಿಕೆಯನ್ನು ಕುರಿತು ನಾನು ಬಹಳ ದಿನ ಯೋಚಿಸಿದ್ದೇನೆ. ಎಷ್ಟು ಕಹಿಯನ್ನು ತಿನ್ನಬೇಕು, ಯಾವ ಕಹಿಯನ್ನು ತಿನ್ನಬೇಕು, ಯಾವುದನ್ನು ಉಗಿದುಬಿಡಬೇಕು? ಅಡುಗೆಯ ಪ್ರಶ್ನೆಯಂತೆ ಕಂಡರೂ ಹೆಣ್ಣುಮಕ್ಕಳ ಪಾಲಿಗೆ ಇದು ಬದುಕಿನ ಪ್ರಶ್ನೆ.

ನನ್ನ ತವರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಕಾವೇರಿ ನಮ್ಮ ತಾಲ್ಲೂಕಿನಲ್ಲೇ ಗಗನಚುಕ್ಕಿಯಾಗಿ ಧುಮುಕುತ್ತಾಳೆ, ಆದರೂ ನಮ್ಮ ಕಡೆಯ ಬಹಳಷ್ಟು ಹೊಲಗಳು ಮಳೆಯನ್ನೇ ನಂಬಿಕೊಂಡಿದ್ದಂಥವು. ಈಚೆಗೆ ಹನಿ ನೀರಾವರಿಯ ಯೋಜನೆಯೊಂದಕ್ಕೆ ನಮ್ಮೂರಿನ ಹೆಸರು ಬಂದದ್ದರಿಂದ ಹೊರಗಿನವರೂ ಪೂರಿಗಾಲಿ ಎಂಬ ಹೆಸರನ್ನು ಕೇಳಿರಬಹುದು. ಅಲ್ಲಿ ತಮ್ಮನ ಮನೆಯಲ್ಲಿ ನಮ್ಮವ್ವ ಇದ್ದಾಳೆ. ಎಂಬತ್ತು ದಾಟಿದೆ. ಕಣ್ಣು ಮಂಜಾದರೂ ಕೈ ಮಂಜಾಗಿಲ್ಲ. ಹಿತ್ತಿಲ ಬೇಲಿಗೆ ಹಬ್ಬಿಸಿದ ಹಾಗಲದ ಬಳ್ಳಿ ಮುಂಗಾರು ಮಳೆ ಹಿಡಿದ ಮೇಲೆ ಕಾಯಿ ಬಿಟ್ಟಿತೆಂದರೆ ಅವಳು ತುಂಬಿದ ಹಾಗಲಕಾಯಿಯ ಸಾರು ಮಾಡುತ್ತಾಳೆ. ಗೊಜ್ಜಿನ ಹಾಗೆ ಗಟ್ಟಿಯಲ್ಲ, ತೆಳ್ಳಗಿನ ಸಾರು. ಪೇಟೆಯವರು ಬಟ್ಟಲಿಗೆ ಹಾಕಿಕೊಂಡು ಸೂಪು ಎಂದು ಕುಡಿದರೂ ಕುಡಿಯಬಹುದು. ನಾವು ಅದಕ್ಕೆ ಬಿಸಿ ಬಿಸಿ ರಾಗಿ ಹಿಟ್ಟನ್ನು ಅದ್ದಿ ನುಂಗುತ್ತೇವೆ.

ಮಾಡುವ ಕ್ರಮ ಹೀಗೆ. ನಾಲ್ಕೈದು ಬೆರಳುದ್ದದ ಎಳೆಯ ಕಾಯಿ ಎಂಟು ಬೇಕು. ಮೇಲಿನ ಗಂಟುಗಂಟಾದ ಸಿಪ್ಪೆಯನ್ನು ಹೆರೆಯಬಾರದು. ಎರಡು ತುದಿಯನ್ನೂ ಹಾಗೇ ಬಿಟ್ಟು ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಬೀಜ ತೆಗೆಯಬೇಕು. ಒಂದು ಚಮಚ ಉಪ್ಪು, ಚಿಟಿಕೆ ಅರಿಶಿನ ಒಳಗೂ ಹೊರಗೂ ಸವರಿ ಅರ್ಧ ಗಂಟೆ ಮುಚ್ಚಿಟ್ಟರೆ ಉಪ್ಪು ಕಾಯಿಯೊಳಗಿನ ನೀರನ್ನು ಎಳೆದು ಹೊರಗೆ ತರುತ್ತದೆ. ಆ ನೀರಿನ ಜೊತೆ ಒಂದಿಷ್ಟು ಕಹಿಯೂ ಹೋಗುತ್ತದೆ. ಹಿಂಡಿದ ಮೇಲೆ ಹೂರಣ. ಒಂದು ಹಿಡಿ ಹುರಿಗಡಲೆ, ಎರಡು ಚಮಚ ಹುರಿದ ಹುಚ್ಚೆಳ್ಳು, ಕಾಯಿತುರಿ, ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಖಾರದ ಪುಡಿ, ಕೊತ್ತಂಬರಿ ಸೊಪ್ಪು, ಅಡಿಕೆ ಗಾತ್ರದ ಬೆಲ್ಲ. ಭಾನುವಾರವಾದರೆ ಹುರಿಗಡಲೆಯ ಬದಲು ಕೈಮ. ತುಂಬಿದ ಕಾಯಿಗೆ ನೆನೆಸಿದ ಬಾಳೆಯ ನಾರು ಸುತ್ತಿ, ಬಾಣಲೆಯ ಎಣ್ಣೆಯಲ್ಲಿ ಸಿಪ್ಪೆಯ ಬಣ್ಣ ತಿರುಗುವ ತನಕ ಹೊರಳಿಸಿ, ತೊಗರಿಬೇಳೆಯ ಕಟ್ಟು ಮತ್ತು ಹುಣಿಸೆರಸದ ಕುದಿಯುವ ಸಾರಿಗೆ ಬಿಡಬೇಕು. ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಮಾರನೆಯ ದಿನಕ್ಕೆ ಇನ್ನೂ ರುಚಿ.

ಇದರಲ್ಲಿ ಅವ್ವನ ಕಟ್ಟಳೆ ಒಂದೇ. ಕಾಯನ್ನು ಎರಡು ಸಲ ಹಿಂಡಬಹುದು, ಮೂರನೆಯ ಸಲ ಹಿಂಡಕೂಡದು. ‘ಮೂರ್ನೇ ಸಲಕ್ಕೆ ಅದು ಹಾಗಲಕಾಯೇ ಅಲ್ಲ ಕಣವ್ವ, ಬರೀ ಸಿಪ್ಪೆ’ ಎನ್ನುತ್ತಾಳೆ. ನಮ್ಮದು ಕಬ್ಬಿನ ಜಿಲ್ಲೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಅಲ್ಲಿಂದೀಚೆಗೆ ಸಕ್ಕರೆ ಎಂದರೆ ಮಂಡ್ಯ ಎನ್ನುವ ಹಾಗಾಯಿತು. ಆಲೆಮನೆಯ ಬೆಲ್ಲಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಮನಸ್ಸು ಮಾಡಿದರೆ ಅಚ್ಚು ಬೆಲ್ಲವನ್ನೇ ಸುರಿದು ಕಹಿಯನ್ನು ಮುಚ್ಚಿಹಾಕಬಹುದು. ಆದರೆ ಬೆಲ್ಲದ ಸೀಮೆಯ ಈ ಹೆಂಗಸು ಹಾಗಲಕಾಯಿಗೆ ಹಾಕುವುದು ಅಡಿಕೆ ಗಾತ್ರದ್ದು ಮಾತ್ರ. ಕಹಿ ಇರಬೇಕು, ತಿನ್ನುವಷ್ಟಿರಬೇಕು ಎನ್ನುವುದು ಅವಳ ಲೆಕ್ಕ.

ಇಲ್ಲಿಯವರೆಗೆ ಅವ್ವನ ಮಾತು ನನಗೆ ಒಪ್ಪಿಗೆ. ಆದರೆ ನಮ್ಮ ಬಾಲ್ಯದಲ್ಲಿ ಈ ಸಾರಿನ ಜೊತೆ ಇನ್ನೊಂದು ಪಾಠವನ್ನೂ ಬಡಿಸುತ್ತಿದ್ದರು. ಹೆಣ್ಣುಮಕ್ಕಳು ಕಾಯನ್ನು ತಟ್ಟೆಯ ಅಂಚಿಗೆ ಸರಿಸಿದರೆ ಅಜ್ಜಿಯೋ ದೊಡ್ಡವ್ವನೋ ತಪ್ಪದೆ ಹೇಳುತ್ತಿದ್ದರು: ‘ತಿಂದು ರೂಢಿ ಮಾಡ್ಕೊ. ನಾಳೆ ಹೋದ ಮನೇಲಿ ಏನ್ ಇಕ್ತಾರೋ ಏನೋ.’ ನನ್ನ ತಮ್ಮಂದಿರು ಅದೇ ಕಾಯನ್ನು ಅದೇ ಅಂಚಿಗೆ ಸರಿಸುತ್ತಿದ್ದರು, ಅವರಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅವರು ಎಲ್ಲಿಗೂ ಹೋಗುವವರಲ್ಲವಲ್ಲ! ಕಹಿ ತಿನ್ನುವ ವಿದ್ಯೆ ನಿಜವಾಗಿಯೂ ಅಷ್ಟು ದೊಡ್ಡದಾದರೆ ಗಂಡುಮಕ್ಕಳಿಗೆ ಏಕೆ ಕಲಿಸಲಿಲ್ಲ ಎಂಬ ಪ್ರಶ್ನೆ ಆಗ ನನಗೆ ಹೊಳೆಯುವ ವಯಸ್ಸಲ್ಲ. ನಿಮ್ಮಲ್ಲಿ ಅನೇಕರು ಇಂಥ ತಟ್ಟೆಯ ಮುಂದೆ ಕೂತು ಬೆಳೆದಿರುತ್ತೀರಿ. ಹಾಗಾಗಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಪ್ರಶ್ನೆ ನಮ್ಮ ಮನೆಯ ನಡುಮನೆಗೇ ಬಂದು ಕೂತದ್ದು ತಮ್ಮನ ಮಗಳ ವಿಷಯದಲ್ಲಿ. ಮದುವೆಯಾದ ವರ್ಷದ ಆಷಾಢಕ್ಕೆ ಹೆಣ್ಣು ತವರಿಗೆ ಬರುವುದು ನಮ್ಮ ಹಳೇ ಮೈಸೂರಿನ ಪದ್ಧತಿ. ಅವಳೂ ಬಂದಳು. ಆಷಾಢ ಮುಗಿಯಿತು, ಶ್ರಾವಣ ಬಂತು, ಭೀಮನ ಅಮಾವಾಸ್ಯೆಯಂತೂ ಎಂದೋ ಕಳೆಯಿತು, ಹುಡುಗಿ ಗಂಟು ಕಟ್ಟಲಿಲ್ಲ. ಕೇಳಿದರೆ ‘ಹೋಗ್ತೀನಿ’ ಎನ್ನುತ್ತಿದ್ದಳು, ಹೋಗುತ್ತಿರಲಿಲ್ಲ. ನಾನು ಮಂಡ್ಯದಿಂದ ಹೋದ ದಿನ ಹಿತ್ತಿಲ ಕಲ್ಲಿನ ಮೇಲೆ ಕೂತು ನಿಧಾನವಾಗಿ ಹೇಳಿದಳು. ಅವಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಸಂಬಳ ಬ್ಯಾಂಕಿಗೆ ಬರುತ್ತದೆ. ಎಟಿಎಂ ಕಾರ್ಡು ಮದುವೆಯಾದ ವಾರದಿಂದ ಅತ್ತೆಯ ಟ್ರಂಕಿನಲ್ಲಿ. ಚಪ್ಪಲಿ ಕಿತ್ತರೂ ಕೇಳಬೇಕು, ತಲೆನೋವಿನ ಮಾತ್ರೆಗೂ ಕೇಳಬೇಕು, ತಿಂಗಳ ಮುಟ್ಟಿನ ಪ್ಯಾಡಿಗೂ ಕೇಳಬೇಕು. ಕೇಳಿದಾಗ ಕೊಡದೆ ಇರುವುದಿಲ್ಲ, ಆದರೆ ಎಲ್ಲರ ಮುಂದೆ ಲೆಕ್ಕ ಕೇಳಿ ಕೊಡುತ್ತಾರೆ. ‘ಯಾರೂ ಹೊಡೆದಿಲ್ಲ ಅತ್ತೆ, ಬೈದೂ ಇಲ್ಲ. ಆದ್ರೆ ದುಡಿಯೋಳು ನಾನೇ, ಭಿಕ್ಷೆ ಕೇಳೋಳೂ ನಾನೇ’ ಎಂದಳು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿಗೆ ಹೆಂಗಸರು ದುಡ್ಡು ಕೊಡಬೇಕಾಗಿರಲಿಲ್ಲ. ತವರಿಗೆ ಬರಲು ಯಾರ ಮುಂದೆಯೂ ಕೈಯೊಡ್ಡದೆ ಹೊರಟದ್ದು ಅದೊಂದೇ ಸಲವಂತೆ.

ಮನೆಯಲ್ಲಿ ಹಿರಿಯರು ಸೇರಿದರು. ಕೆಟ್ಟವರು ಯಾರೂ ಅಲ್ಲ, ಎಲ್ಲರೂ ಹುಡುಗಿಯ ಒಳ್ಳೆಯದನ್ನೇ ಬಯಸುವವರು. ಆದರೂ ಎಲ್ಲರ ಬಾಯಲ್ಲೂ ಒಂದೇ ಔಷಧಿ. ‘ತಾಳಿದವನು ಬಾಳಿಯಾನು’ ಎಂದರು ಚಿಕ್ಕಪ್ಪ. ‘ನಂಜನಗೂಡಿನ ನಂಜುಂಡೇಶ್ವರ ಲೋಕಕ್ಕೋಸ್ಕರ ವಿಷಾನೇ ಕುಡಿದ, ನೀನು ಮನೆಗೋಸ್ಕರ ಒಸಿ ಕಹಿ ನುಂಗಕ್ಕಾಗಲ್ವ ಮಗ?’ ಎಂದಳು ಒಬ್ಬ ದೊಡ್ಡವ್ವ. ‘ಇದೇನ್ ಮಹಾ? ನಾವು ಪಟ್ಟಿರೋದ್ರಲ್ಲಿ ಇದು ಕಾಲ್ ಭಾಗವೂ ಇಲ್ಲ’ ಎಂದಳು ಇನ್ನೊಬ್ಬಳು. ನನ್ನನ್ನು ಕರೆದು ‘ನೀನು ಓದಿದೋಳು, ಬುದ್ಧಿ ಹೇಳು’ ಎಂದರು. ಹೇಳುವ ಮೊದಲು ನಾನು ಈ ಮೂರು ಮಾತುಗಳನ್ನೂ ಮನಸ್ಸಿನಲ್ಲಿ ತಿರುವಿ ನೋಡಿದೆ.

ಮೂರನೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ‘ಇದೇನು ಮಹಾ ಕಹಿ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಬಹುದೇ? 1930ರ ದಶಕದ ಆರಂಭದಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ‘ಥೂ, ಎಷ್ಟು ಕಹಿ’ ಎಂದ. ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಅವನು ಅದೇ ಪುಡಿಯನ್ನು ಹಲವರ ನಾಲಗೆಗೆ ಹಾಕಿ ನೋಡಿದ. ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಮಣ್ಣಿನಷ್ಟೂ ರುಚಿಯಿಲ್ಲ. ಇದು ಹುಟ್ಟಿನಿಂದ ಬರುವ ವ್ಯತ್ಯಾಸವೆಂದು ಆಮೇಲೆ ತಿಳಿಯಿತು. ಮನುಷ್ಯನ ನಾಲಗೆಯಲ್ಲಿ ಕಹಿಯನ್ನು ಗುರುತಿಸುವುದಕ್ಕೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ ಎಂದು ಈಗ ವಿಜ್ಞಾನಿಗಳು ಹೇಳುತ್ತಾರೆ. ಮಕ್ಕಳ ನಾಲಗೆಗೆ ದೊಡ್ಡವರಿಗಿಂತ ಕಹಿ ಜೋರಾಗಿ ಹತ್ತುತ್ತದೆ ಎಂದೂ ಹೇಳುತ್ತಾರೆ. ಒಂದೇ ಪಾತ್ರೆಯ ಸಾರು ಒಂದೇ ಮನೆಯ ಇಬ್ಬರಿಗೆ ಎರಡು ಸಾರು. ನಮ್ಮ ಹಿರಿಯ ಹೆಂಗಸರು ಪಟ್ಟ ಪಾಡು ದೊಡ್ಡದು ನಿಜ. ಹಾಗೆಂದು ಅವರ ನಾಲಗೆಯನ್ನು ಹುಡುಗಿಯ ಬಾಯಿಗೆ ಇಟ್ಟು ರುಚಿ ನೋಡಲಾಗದು. ಕಹಿಗೆ ತಿಂದವರೇ ಸಾಕ್ಷಿ.

ಇನ್ನು ನಂಜುಂಡನ ಮಾತು. ಅವನು ದೇವರು, ನಾವು ಮನುಷ್ಯರು ಎನ್ನುವುದನ್ನು ಬಿಟ್ಟುಬಿಡೋಣ. ಕತೆಯನ್ನೇ ನೋಡಿ. ಹಾಲಾಹಲವನ್ನು ಅವನು ಹೊಟ್ಟೆಗೆ ಇಳಿಸಲಿಲ್ಲ, ಗಂಟಲಲ್ಲೇ ನಿಲ್ಲಿಸಿದ, ಅದಕ್ಕೇ ನೀಲಕಂಠನಾದ. ವಿಷ ಕೆಳಗಿಳಿಯದಂತೆ ಪಾರ್ವತಿ ಅವನ ಗಂಟಲನ್ನು ಹಿಡಿದುಕೊಂಡಳು ಎಂದು ನಮ್ಮ ಹೆಂಗಸರೇ ಕತೆ ಹೇಳುತ್ತಾರೆ. ದೇವರಿಗೂ ಗಂಟಲು ಹಿಡಿಯಲು ಪಕ್ಕದಲ್ಲೊಬ್ಬರು ಇದ್ದರು. ನಮ್ಮ ಹುಡುಗಿಯ ಪಕ್ಕದಲ್ಲಿ ಇರಬೇಕಾದವನು, ಟ್ರಂಕಿನ ಬೀಗ ಹಾಕುವಾಗ ಮೊಬೈಲು ನೋಡಿಕೊಂಡು ಕೂತಿದ್ದನಂತೆ.

ಉಳಿದದ್ದು ತಾಳ್ಮೆಯ ಗಾದೆ. ಇದನ್ನು ನಾನು ತಳ್ಳಿಹಾಕುವವಳಲ್ಲ. ತಾಳದೆ ಬಾಳಿದವರು ಯಾರಿದ್ದಾರೆ? ಆದರೆ ತಾಳುವುದು ತಾನಾಗಿಯೇ ಒಂದು ಗುಣ, ಕಹಿಯೆಲ್ಲ ಔಷಧಿ ಎನ್ನುವ ನಂಬಿಕೆ ಇದೆಯಲ್ಲ, ಅದನ್ನು ಅನುಮಾನದಿಂದ ನೋಡಬೇಕು. ಸಕ್ಕರೆ ಕಾಯಿಲೆ ಬಂದವರು ಬೆಳಗೆದ್ದು ಲೋಟಗಟ್ಟಲೆ ಹಾಗಲಕಾಯಿ ರಸ ಕುಡಿದು, ಇಷ್ಟು ಕಹಿ ಕುಡಿದ ಮೇಲೆ ಮಾತ್ರೆ ಏಕೆ ಎಂದು ಡಾಕ್ಟರು ಕೊಟ್ಟದ್ದನ್ನು ಬಿಟ್ಟುಬಿಡುವುದನ್ನು ಕಂಡಿದ್ದೇನೆ. ಹಾಗಲಕ್ಕೆ ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸುವ ಗುಣ ಇರಬಹುದು, ಅದರ ಮೇಲೆ ಸಂಶೋಧನೆಯೂ ನಡೆದಿದೆ. ಆದರೆ ಅದು ಮಾತ್ರೆಯ ಜಾಗದಲ್ಲಿ ನಿಲ್ಲುವಂಥದಲ್ಲ. ಬಾಯಿಗೆ ಕಷ್ಟವಾದದ್ದೆಲ್ಲ ಮೈಗೆ ಒಳ್ಳೆಯದು ಎಂದುಕೊಳ್ಳುವುದರಲ್ಲಿ ಏನೋ ಒಂದು ಸಮಾಧಾನ ನಮಗೆ.

ಇಲ್ಲಿ ನನಗೆ ಸೋರೆಕಾಯಿ ನೆನಪಾಗುತ್ತದೆ. ಹಾಗಲವೂ ಸೋರೆಯೂ ಒಂದೇ ಕುಲದ ಬಳ್ಳಿಗಳು, ಒಂದೇ ಬೇಲಿಗೆ ಹಬ್ಬುವಂಥವು. ನಮ್ಮವ್ವ ಸೋರೆಕಾಯಿ ಹೆಚ್ಚುವ ಮೊದಲು ಒಂದು ಚೂರು ಕಚ್ಚಿ ನೋಡುತ್ತಾಳೆ. ಸೌತೆಕಾಯಿಗೂ ಹಾಗೆಯೇ. ಕಹಿ ಕಂಡರೆ ಇಡೀ ಕಾಯಿ ತಿಪ್ಪೆಗೆ. ಉಪ್ಪು ಸವರುವುದಿಲ್ಲ, ಹಿಂಡುವುದಿಲ್ಲ, ಬೆಲ್ಲ ಹಾಕುವುದಿಲ್ಲ, ‘ತಾಳಿದವನು ಬಾಳಿಯಾನು’ ಎನ್ನುವುದಂತೂ ಇಲ್ಲವೇ ಇಲ್ಲ. ಇದರ ಹಿಂದೆ ದೊಡ್ಡ ತಿಳಿವಳಿಕೆ ಇದೆ. ಸೋರೆಕಾಯಿ ಕಹಿಯಾಯಿತೆಂದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷದ ಅಂಶ ಹೆಚ್ಚಾಗಿದೆ ಎಂದರ್ಥ. ಬೇಯಿಸಿದರೂ ಅದು ಸುಲಭಕ್ಕೆ ಹೋಗುವುದಿಲ್ಲ. ವಾಂತಿ, ರಕ್ತಭೇದಿ, ರಕ್ತದ ಒತ್ತಡ ಕುಸಿಯುವುದು, ಕೆಲವೊಮ್ಮೆ ಸಾವು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆ ಮತ್ತು ಹಾಗಲದ ರಸವನ್ನು ಬೆರೆಸಿ ಕುಡಿದು ತೀರಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆ ಬಳಿಕ ತಜ್ಞರ ಸಮಿತಿ ಮಾಡಿ ಜನರಿಗೆ ತಿಳಿಹೇಳಿತು. ರಸ ಮಾಡುವ ಮೊದಲು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಸೋರೆರಸಕ್ಕೆ ಬೇರೆ ಯಾವ ರಸವನ್ನೂ ಬೆರೆಸಬೇಡಿ ಎಂದಿತು.

ಬೆರೆಸಬೇಡಿ ಎಂದದ್ದು ಏಕೆಂದು ಯೋಚಿಸಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಹಾಗಲದ ರಸ ಬೆರೆತ ಲೋಟದಲ್ಲಿ ಕಹಿ ಇರುವುದು ಸಹಜ. ಆ ಸಹಜವಾದ ಕಹಿಯ ಮರೆಯಲ್ಲಿ ಸೋರೆಯ ಕಹಿ ಅಡಗಿ ಕೂತರೆ ನಾಲಗೆಗೆ ಹೇಗೆ ಗೊತ್ತಾಗಬೇಕು? ನಾವು ಹೆಣ್ಣುಮಕ್ಕಳಿಗೆ ಮಾಡುತ್ತ ಬಂದದ್ದು ಇದೇ ಅಲ್ಲವೇ? ಬದುಕು ಎಂದರೆ ಕಹಿ, ಸಂಸಾರ ಎಂದರೆ ಕಹಿ, ನುಂಗಿಕೊಂಡು ಹೋಗು ಎಂದು ಚಿಕ್ಕಂದಿನಿಂದ ಹೇಳಿ ಹೇಳಿ, ಯಾವುದು ಬಳ್ಳಿಯ ಸ್ವಭಾವದ ಕಹಿ, ಯಾವುದು ವಿಷದ ಕಹಿ ಎಂದು ಬೇರೆ ಮಾಡುವ ಶಕ್ತಿಯನ್ನೇ ಅವರ ನಾಲಗೆಯಿಂದ ಕಿತ್ತುಕೊಂಡಿದ್ದೇವೆ. ತಾಳ್ಮೆಯನ್ನು ಕಲಿಸಬಾರದೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಚೂರು ಕಚ್ಚಿ ನೋಡುವುದನ್ನೂ, ಉಗಿಯುವುದನ್ನೂ ಕಲಿಸಬೇಕಿತ್ತು.

ಹಾಗಾದರೆ ಎರಡನ್ನೂ ಗುರುತಿಸುವುದು ಹೇಗೆ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ನಮ್ಮವ್ವನ ಬದುಕಿನಿಂದಲೇ. ಅಪ್ಪ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ನಾವು ನಾಲ್ವರು ಮಕ್ಕಳು, ಮಳೆಯಿಲ್ಲದ ವರ್ಷ, ತಲೆಯ ಮೇಲೆ ಸಾಲ. ಅದಕ್ಕಿಂತ ಕಹಿಯಾದದ್ದು ಯಾವುದಿದೆ? ಆದರೆ ಅದನ್ನು ಯಾರೂ ಬೇಕೆಂದು ಅವಳ ತಟ್ಟೆಗೆ ಬಡಿಸಿದ್ದಲ್ಲ. ಮತ್ತೆ ಅದು ಅವಳೊಬ್ಬಳ ತಟ್ಟೆಯಲ್ಲಿ ಉಳಿಯಲೂ ಇಲ್ಲ. ಅಜ್ಜಿ ತನ್ನ ಕಾಸಿನ ಸರ ಬಿಚ್ಚಿ ಕೊಟ್ಟಳು. ಚಿಕ್ಕಪ್ಪ ಎರಡು ವರ್ಷ ನಮ್ಮ ಹೊಲಕ್ಕೂ ಆರು ಕಟ್ಟಿದ. ಹಬ್ಬಕ್ಕೆ ನಮಗೆ ಹೊಸ ಬಟ್ಟೆ ಇಲ್ಲದಾಗ ಚಿಕ್ಕಪ್ಪನ ಮಕ್ಕಳಿಗೂ ತರಲಿಲ್ಲ. ಕಹಿ ಇತ್ತು, ಎಲ್ಲರ ತಟ್ಟೆಯಲ್ಲೂ ಒಂದೊಂದು ಹೋಳು ಇತ್ತು. ಅದು ಹಾಗಲದ ಕಹಿ. ಅಂಥದನ್ನು ಹಿಂಡಿ, ಬೇಯಿಸಿ, ತಿಂದು ಜನ ಗಟ್ಟಿಯಾಗುತ್ತಾರೆ. ನಮ್ಮ ಹುಡುಗಿಯ ಅತ್ತೆಮನೆಯಲ್ಲಿ ಬರವಿರಲಿಲ್ಲ, ಸಾವಿರಲಿಲ್ಲ, ತೀರದ ಸಾಲವೂ ಇರಲಿಲ್ಲ. ಉಳಿದವರ ತಟ್ಟೆಯಲ್ಲಿ ಬೆಲ್ಲ, ಇವಳೊಬ್ಬಳ ತಟ್ಟೆಯಲ್ಲಿ ಮಾತ್ರ ಕಹಿ. ಅದನ್ನು ಸೋರೆಯ ಕಹಿ ಎಂದು ಗುರುತಿಸಲು ದೊಡ್ಡ ವಿದ್ಯೆ ಬೇಕಿಲ್ಲ, ಪಂಕ್ತಿಯ ಕಡೆ ಒಂದು ಸಲ ತಲೆಯೆತ್ತಿ ನೋಡಿದರೆ ಸಾಕು.

ದೂರದ ದೇಶದ ಹೆಂಗಸರೂ ಈ ಕಾಯಿಯನ್ನು ಎಲ್ಲರ ಬಟ್ಟಲಿಗೂ ಹಾಕುತ್ತಾರೆ ಎಂದು ತಿಳಿದಾಗ ನನಗೆ ಸಂತೋಷವಾಯಿತು. ನನ್ನ ಮಗ ಕೆಲಸದ ಮೇಲೆ ವಿಯೆಟ್ನಾಮಿಗೆ ಹೋಗಿ ಬಂದವನು ಹೇಳಿದ್ದು. ಅಲ್ಲಿಯ ಹೊಸವರ್ಷದ ಹಬ್ಬ ಟೆಟ್. ದಕ್ಷಿಣ ವಿಯೆಟ್ನಾಮಿನ ಮನೆಗಳಲ್ಲಿ ಆ ಹಬ್ಬಕ್ಕೆ ತುಂಬಿದ ಹಾಗಲಕಾಯಿಯ ಸಾರು ಮಾಡುತ್ತಾರೆ. ಹಂದಿಯ ಕೈಮ, ಅಣಬೆ, ತೆಳುವಾದ ಶಾವಿಗೆ ತುಂಬಿ, ಕೆಲವರು ಈರುಳ್ಳಿ ಹೂವಿನ ಎಲೆಯಿಂದ ಕಟ್ಟಿ, ತಿಳಿಸಾರಿನಲ್ಲಿ ಬೇಯಿಸುತ್ತಾರೆ. ನಮ್ಮ ಬಾಳೆನಾರಿನ ಕೆಲಸ ಅಲ್ಲಿ ಈರುಳ್ಳಿ ಎಲೆ ಮಾಡುತ್ತದೆ! ಹಾಗಲಕಾಯಿಗೆ ಅವರ ಭಾಷೆಯಲ್ಲಿ ‘ಖೋ ಕ್ವಾ’ ಎಂದು ಹೆಸರು. ಖೋ ಎಂದರೆ ಕಹಿಯೂ ಹೌದು, ಕಷ್ಟವೂ ಹೌದು. ಕ್ವಾ ಎಂದರೆ ಬಳ್ಳಿಯ ಕಾಯಿ, ಇನ್ನೊಂದು ಅರ್ಥದಲ್ಲಿ ದಾಟಿಹೋಗುವುದು. ಹಳೆಯ ವರ್ಷದ ಕಷ್ಟ ದಾಟಿಹೋಗಲಿ ಎಂದು ಮನೆಮಂದಿಯೆಲ್ಲ ಕೂತು ಅದನ್ನು ತಿನ್ನುತ್ತಾರೆ. ನಮ್ಮ ಯುಗಾದಿಯ ಬೇವು ಬೆಲ್ಲವೂ ಹೀಗೆಯೇ. ಮನೆಯ ಯಜಮಾನನ ಕೈಗೂ ಬೇವಿನ ಹೂವು ಬೀಳುತ್ತದೆ, ತೊಟ್ಟಿಲ ಕೂಸಿನ ತುಟಿಗೂ ಸವರುತ್ತಾರೆ. ವರ್ಷಕ್ಕೊಮ್ಮೆ ಆಚರಿಸುವ ಈ ನ್ಯಾಯವನ್ನು ಉಳಿದ ದಿನಗಳಲ್ಲಿ ಮರೆಯುವುದು ಏಕೆ?

ಇದನ್ನೆಲ್ಲ ನಾನು ಹಿರಿಯರ ಮುಂದೆ ನನಗೆ ತಿಳಿದ ಹಾಗೆ ಹೇಳಿದೆ. ಜೊತೆಗೆ ಕಾನೂನಿನ ಮಾತನ್ನೂ ಹೇಳಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಹೊಡೆತ ಬಡಿತ ಮಾತ್ರ ದೌರ್ಜನ್ಯವೆಂದು ಅದು ಹೇಳುವುದಿಲ್ಲ. ಹೆಣ್ಣಿಗೆ ಸಲ್ಲಬೇಕಾದ ಹಣವನ್ನು ಅವಳಿಗೆ ಸಿಗದಂತೆ ಮಾಡುವುದೂ ಆರ್ಥಿಕ ದೌರ್ಜನ್ಯ ಎನ್ನುತ್ತದೆ. ದೂರು ಕೊಡಲು ಸಂರಕ್ಷಣಾಧಿಕಾರಿ ಇರ್ತಾರೆ, 181 ಎಂಬ ಮಹಿಳಾ ಸಹಾಯವಾಣಿ ಇದೆ ಎಂದೆ. ಆ ಬಾಗಿಲನ್ನು ನಾವು ತಟ್ಟಬೇಕಾಗಿ ಬರಲಿಲ್ಲ. ಆದರೆ ಅಂಥದೊಂದು ಬಾಗಿಲಿದೆ ಎಂದು ಗೊತ್ತಾದ ಮೇಲೆ ಹುಡುಗಿ ಕೂತ ಭಂಗಿಯೇ ಬೇರೆಯಾಯಿತು.

ಶ್ರಾವಣದ ಒಂದು ಭಾನುವಾರ ಅಳಿಯ, ಅವನ ತಾಯಿ, ಚಿಕ್ಕಪ್ಪ ಕರೆದುಕೊಂಡು ಹೋಗಲು ಬಂದರು. ತಮ್ಮನ ಹೆಂಡತಿ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು. ಅವ್ವ ಮಾತ್ರ ಬೆಳಗ್ಗೆಯೇ ಹಿತ್ತಿಲಿಗೆ ಹೋಗಿ ಹಾಗಲಕಾಯಿ ಕೊಯ್ದು ತಂದಳು. ‘ಬೀಗರು ಬಂದ ದಿನ ಇದನ್ನ ಮಾಡ್ತಾರಾ ಅತ್ತೆ, ಊರೋರು ಏನಂದಾರು’ ಎಂದು ತಮ್ಮನ ಹೆಂಡತಿ ಗಾಬರಿಯಾದಳು. ‘ಒಬ್ಬಟ್ಟೂ ಆಗ್ಲಿ, ಇದೂ ಆಗ್ಲಿ’ ಎಂದು ಅವ್ವ ಬಾಳೆಯ ನಾರು ನೆನೆಹಾಕಿದಳು. ಊಟಕ್ಕೆ ಕೂತಾಗ ಎಲ್ಲರ ಎಲೆಗೂ ಒಂದೊಂದು ಕಾಯಿ ಬಿತ್ತು. ಬೀಗಿತಿ ತಿನ್ನಲಿಲ್ಲ. ‘ನಂಗೆ ಕಹಿ ಸೇರಾಕಿಲ್ಲ ಕಣವ್ವ’ ಎಂದು ಎಲೆಯ ತುದಿಗೆ ಸರಿಸಿದರು. ಅವ್ವ ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. ‘ಸೇರ್ದಿದ್ರೆ ಬುಡಿ ತಾಯಿ. ಸೇರ್ದೇ ಇರೋದ್ನ ತಿನ್ನು ಅನ್ನಾಕೆ ನಾನ್ಯಾರು?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮ ಕೂಸ್ಗೂ ಹಂಗೇಯ’ ಎಂದಳು. ಯಾರೂ ಮಾತಾಡಲಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಮಾತು ಶುರುವಾಯಿತು, ಸಂಜೆ ದೀಪ ಹಚ್ಚುವ ತನಕ ನಡೆಯಿತು. ಜೋರು ದನಿಯೂ ಆಯಿತು, ಅಳುವೂ ಆಯಿತು.

ಹುಡುಗಿ ಅಂದು ಹೋಗಲಿಲ್ಲ. ಎರಡು ತಿಂಗಳ ಮೇಲೆ, ಎಟಿಎಂ ಕಾರ್ಡನ್ನು ಅಳಿಯನೇ ತಂದು ಅವಳ ಕೈಗೆ ಕೊಟ್ಟ ಮೇಲೆ ಹೋದಳು. ಈಗ ಮನೆಯ ಖರ್ಚಿಗೆ ಗಂಡ ಹೆಂಡತಿ ಇಬ್ಬರೂ ಇಷ್ಟಿಷ್ಟು ಎಂದು ಕೊಡುತ್ತಾರೆ, ಉಳಿದದ್ದು ಅವರವರದು. ಇದರಿಂದ ಎಲ್ಲ ಸಿಹಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಅತ್ತೆ ಮೊದಲಿನಷ್ಟು ಮಾತಾಡುವುದಿಲ್ಲವಂತೆ. ಮಗ ಹೆಂಡತಿಯ ಮಾತು ಕೇಳುತ್ತಾನೆ ಎಂದು ಆ ತಾಯಿಗೂ ಸಂಕಟವಿದ್ದೀತು, ಅವರೂ ತಮ್ಮ ಕಾಲದಲ್ಲಿ ಒಂದು ಪೈಸೆಯನ್ನೂ ತಮ್ಮದೆಂದು ಕಾಣದ ಹೆಂಗಸು. ಅಂದರೆ ಆ ಮನೆಯಲ್ಲಿ ಇನ್ನೂ ಕಹಿಯಿದೆ. ಒಬ್ಬಳ ತಟ್ಟೆಯಲ್ಲಿದ್ದದ್ದು ಮೂವರಿಗೆ ಹಂಚಿಹೋಗಿದೆ. ಮೂವರೂ ಕೂತು ಬೇಯಿಸಿಕೊಂಡರೆ ಅದು ನಿಧಾನವಾಗಿ ತಿನ್ನುವ ಹದಕ್ಕೆ ಬಂದೀತು ಎಂಬ ನಂಬಿಕೆ ನನ್ನದು.

ಹಾಗಲಕಾಯಿಯನ್ನು ಬಿಡಬೇಡಿ. ಮಕ್ಕಳಿಗೂ ರೂಢಿ ಮಾಡಿಸಿ, ಗಂಡುಮಕ್ಕಳಿಗೆ ಮೊದಲು ಮಾಡಿಸಿ. ಆದರೆ ನಿಮ್ಮ ಬಳಿಗೆ ಮಗಳೋ ಸೊಸೆಯೋ ಪಕ್ಕದ ಮನೆಯ ಹುಡುಗಿಯೋ ಬಂದು ‘ಕಹಿಯಾಗಿದೆ’ ಎಂದಾಗ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಎಂಬ ಮಾತು ತುಟಿಗೆ ಬಂದರೆ ಅದನ್ನು ಅಲ್ಲೇ ತಡೆದು ಎರಡು ಪ್ರಶ್ನೆ ಕೇಳಿ. ಇದನ್ನು ನಿನ್ನ ತಟ್ಟೆಗೆ ಬಡಿಸಿದವರು ಯಾರು? ಬಡಿಸಿದವರ ತಟ್ಟೆಯಲ್ಲಿ ಏನಿದೆ?